ನೆಪ್ಚೂನಿನ ಪ್ರಾಣಿ ಮಗ್ಗುಲು ಬದಲಿಸಿದ ಪ್ರಸಂಗ

ಓದುವವರಿಗಿಂತ ಬರೆಯುವವರೇ ಹೆಚ್ಚಾಗಿರುವ ಪತ್ರಿಕೆಗಳು ಕಲ್ಕತ್ತೆಯಲ್ಲಿ ಬೀದಿಗೊಂದು ಸಿಗುತ್ತವೆ. ಆದರೆ ಬರೆಯುವವರೂ ತಮ್ಮದನ್ನು ಬಿಟ್ಟು ಇನ್ನೊಬ್ಬರದನ್ನು ಓದದ ಪತ್ರಿಕೆ ಎಂಬ ಕೀರ್ತಿ ‘ಶನಿವಲಯ’ಕ್ಕೆ ಮಾತ್ರ ಸಲ್ಲಬೇಕು. ಅದು ವಿಜ್ಞಾನ ಕಥೆಗಳ ಪತ್ರಿಕೆ. ದುರ್ಗಾಪೂಜೆಗೆ ಬರಬೇಕಾದ ವಾರ್ಷಿಕ ಸಂಚಿಕೆ ಕಾಳೀಪೂಜೆಯ ಪಟಾಕಿ ಸದ್ದಡಗಿದ ಮೇಲೆ ಬರುತ್ತಿತ್ತು. ಹೆಸರಿನಲ್ಲಿ ಶನಿ ಕೂತಿದ್ದರಿಂದ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಹೆಂಗಸರು ಒಪ್ಪುತ್ತಿರಲಿಲ್ಲ. ಹೀಗಾಗಿ ಬಂಗಾಳಿ ವಿಜ್ಞಾನ ಸಾಹಿತ್ಯದ ಬಹುಪಾಲು ಮೆಟ್ಟಿಲ ಕೆಳಗೆ, ಹಳೆ ಚಪ್ಪಲಿಗಳ ಜೊತೆಯಲ್ಲಿ ವಾಸವಾಗಿತ್ತು.

ಸಂಪಾದಕರು ಹಿಮಾದ್ರಿಶೇಖರ ಪಾಲ್‌ಚೌಧುರಿ. ರಸಾಯನಶಾಸ್ತ್ರದ ಟ್ಯೂಷನ್ ಹೇಳುವ ಮೇಷ್ಟ್ರು. ವಿಜ್ಞಾನಿಯ ಹುದ್ದೆಗೆ ತಮ್ಮನ್ನು ತಾವೇ ನೇಮಿಸಿಕೊಂಡಿದ್ದರು. ಅವರ ಪತ್ರಿಕೆಗೆ ಒಂದು ಸಂಪ್ರದಾಯವಿತ್ತು: ಪ್ರತಿ ಕಥೆಯ ಕೆಳಗೂ ‘ವೈಜ್ಞಾನಿಕ ಟಿಪ್ಪಣಿ’ ಎಂಬ ತಲೆಬರಹ, ಅದರಡಿ ‘ಮೇಲ್ಕಂಡ ಘಟನೆ ವಿಜ್ಞಾನದ ಪ್ರಕಾರ ಸಂಪೂರ್ಣ ಸಾಧ್ಯ’ ಎಂಬ ಒಕ್ಕಣೆ, ಕೊನೆಗೆ ಅವರ ಸಹಿ. ಮನುಷ್ಯ ಧೂಮಕೇತುವನ್ನು ಮದುವೆಯಾದರೂ ಸಾಧ್ಯ, ಹಿಲ್ಸಾ ಮೀನು ರೈಲು ಓಡಿಸಿದರೂ ಸಾಧ್ಯ. ಟಿಪ್ಪಣಿಯಿಲ್ಲದ ಕಥೆ ಸೀಲಿಲ್ಲದ ಮಾಂಸವಿದ್ದಂತೆ, ನಾಳೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಯಾರು ಹೊಣೆ ಎನ್ನುತ್ತಿದ್ದರು. ಅದನ್ನು ತಿಂದವರೇ ಇಲ್ಲದ್ದರಿಂದ ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ.

ಈ ಪತ್ರಿಕೆಯ ಖಾಯಂ ಲೇಖಕ ಭವತೋಷ ಕುಂಡು. ಡಾಲ್‌ಹೌಸಿ ಚೌಕದ ಸೆಣಬಿನ ಕಂಪನಿಯೊಂದರಲ್ಲಿ ಗುಮಾಸ್ತ, ಊರಂಚಿನ ನಸ್ಕರ್‌ಬಾಗಾನ್ ಬಡಾವಣೆಯಲ್ಲಿ ಎರಡು ಕೋಣೆಯ ಮನೆ, ಪೂರಬಿ ಎಂಬ ಹೆಂಡತಿ. ಈತನಿಗೆ ಕಲ್ಪನೆ ಎಂಬುದು ಎಳ್ಳಷ್ಟೂ ಇರಲಿಲ್ಲ. ಕಿಟಕಿಯಲ್ಲಿ ಕೂತು ಕಂಡದ್ದನ್ನು ಕಂಡ ಹಾಗೆ ಬರೆದು, ನಡುವೆ ಎಲ್ಲಾದರೂ ಬೇರೆ ಗ್ರಹದ ಒಂದು ಪ್ರಾಣಿಯನ್ನು ಸೇರಿಸಿದರೆ ಕಥೆ ಮುಗಿಯಿತು. ಹೋದ ವರ್ಷದ ‘ಪಾತಾಳದ ಅತಿಥಿ’ ಬಂದದ್ದೂ ಹಾಗೆಯೇ. ಕಿಟಕಿಯ ಎದುರಿಗೆ ಭಟ್ಟಾಚಾರ್ಯರ ಕೆರೆ ಇತ್ತು. ಅದಕ್ಕೆ ಬಿಲ್ಡರ್ ಗೌರಾಂಗ ಮೈತಿ ಲಾರಿಗಟ್ಟಲೆ ಕಲ್ಲುಮಣ್ಣು ಸುರಿಸಿ, ಮೇಲೆ ‘ಶಾಂತಿನೀಡ’ ಎಂಬ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸಿದ್ದ. ಇಡೀ ಬಡಾವಣೆ ಅದನ್ನು ನೋಡಿತ್ತು. ನಗರಸಭೆಯ ಕಡತಕ್ಕೆ ಮಾತ್ರ ಕಣ್ಣಿರಲಿಲ್ಲ. ಅದರಲ್ಲಿ ಆ ಜಾಗ ಅನಾದಿಕಾಲದಿಂದಲೂ ಒಣನೆಲ.

ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಪೂರಬಿಯ ತಮ್ಮ ಬಾದಲ್ ಮನೆ ಕೊಂಡಿದ್ದ. ಗೃಹಪ್ರವೇಶದ ದಿನ ಭವತೋಷನ ತಟ್ಟೆಯಿಂದ ಜಾರಿದ ಒಂದು ರಸಗುಲ್ಲ ಪೂರ್ವದ ಗೋಡೆಯಿಂದ ಹೊರಟು, ಹಜಾರ ದಾಟಿ, ಯಾರ ಸಹಾಯವೂ ಇಲ್ಲದೆ ಪಶ್ಚಿಮದ ಗೋಡೆ ಮುಟ್ಟಿತು. ಎಲ್ಲರೂ ನಕ್ಕರು. ಭವತೋಷ ಮನೆಗೆ ಬಂದವನೇ ಬರೆಯಲು ಕೂತ. ಕಥೆಯಲ್ಲಿ ಕೆರೆ ಇತ್ತು, ಲಾರಿಗಳಿದ್ದವು, ಕಟ್ಟಡವಿತ್ತು, ರಸಗುಲ್ಲವೂ ಇತ್ತು. ಕೆರೆಯ ಅಡಿಯಲ್ಲಿ ನೆಪ್ಚೂನ್ ಗ್ರಹದಿಂದ ಬಂದ ಪ್ರಾಣಿಯೊಂದು ಮಲಗಿತ್ತು. ಅದು ಮಗ್ಗುಲು ಬದಲಿಸಿದಾಗ ಕಟ್ಟಡ ವಾಲಿತು. ಹಿಮಾದ್ರಿಬಾಬು ಸಂಪೂರ್ಣ ಸಾಧ್ಯ ಎಂದು ಸಹಿ ಹಾಕಿದರು. ಯಾರೂ ಓದಲಿಲ್ಲ.

ಫಾಲ್ಗುಣದ ಒಂದು ಬೆಳಿಗ್ಗೆ ಶಾಂತಿನೀಡ ನಿಜವಾಗಿಯೂ ವಾಲಿತು. ಪಕ್ಕದ ಕಟ್ಟಡಕ್ಕೆ ಒರಗಿ, ಹಬ್ಬದೂಟ ಮುಗಿಸಿದ ಮಾವನ ಹಾಗೆ ಅಲ್ಲೇ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಪೊಲೀಸರು ಬಂದು ಎಲ್ಲರನ್ನೂ ಇಳಿಸಿ ಬಾಗಿಲಿಗೆ ಬೀಗ ಜಡಿದರು. ಬಾದಲ್ ಹೆಂಡತಿಯೊಡನೆ, ಕುಕ್ಕರು, ಟಿ.ವಿ., ಮೀನಿನ ತೊಟ್ಟಿ ಸಮೇತ ಅಕ್ಕನ ಮನೆಗೆ ಬಂದು, ಭವತೋಷ ಬರೆಯುವ ಮಂಚವನ್ನು ಆಕ್ರಮಿಸಿಕೊಂಡ.

“ಒಂದೇ ಒಂದು ವಾರ, ಜಾಮಾಯ್‌ಬಾಬು,” ಎಂದ ಅವನು, ಭಾವನ ದಿಂಬನ್ನು ತಲೆಯಡಿಗೆ ಎಳೆದುಕೊಳ್ಳುತ್ತ. “ಕೆರೆ ಮುಚ್ಚಿ ಕಟ್ಟಿದ್ದು ಅಂತ ರುಜುವಾತಾದ್ರೆ ಸಾಕು, ಆ ಗೌರಾಂಗ ನಮಗೆಲ್ಲ ಬೇರೆ ಮನೆ ಕೊಡಲೇಬೇಕು. ಕಾನೂನು ಹಾಗೇ ಇದೆ. ನೀವು ಚಿಂತೆ ಮಾಡ್ಬೇಡಿ.”

ಭವತೋಷ ಚಿಂತೆ ಮಾಡುತ್ತಿದ್ದದ್ದು ದಿಂಬಿನ ಬಗ್ಗೆ.

ಮಾರನೆಯ ದಿನ ಗೌರಾಂಗ ಮೈತಿಯೇ ಮನೆಗೆ ಬಂದ. ಕೈಯಲ್ಲಿ ಸಂದೇಶ್ ಮಿಠಾಯಿಯ ಪೆಟ್ಟಿಗೆ, ಕೊರಳಲ್ಲಿ ಹಗ್ಗದಷ್ಟು ದಪ್ಪದ ಸರ. ಬಾಗಿಲಲ್ಲೇ ಬಗ್ಗಿ ಭವತೋಷನ ಕಾಲು ಮುಟ್ಟಿದ. ಬಾದಲ್ ಜಗಳಕ್ಕೆಂದು ಅಂಗಿಯ ತೋಳು ಮಡಿಸಿ ಎದ್ದವನು, ಆ ದೃಶ್ಯ ಕಂಡು ಬಾಯಿ ತೆರೆದುಕೊಂಡೇ ಕೂತ.

“ಭವತೋಷ್‌ದಾ, ನೀವು ಮನುಷ್ಯರಲ್ಲ ಬಿಡಿ,” ಎಂದ ಗೌರಾಂಗ. “ಚಪ್ಪಲಿ ಇಡೋ ಜಾಗದಲ್ಲಿ ಸಿಕ್ತು ನಿಮ್ಮ ಕಥೆ. ಮೂರು ಸಲ ಓದಿದೆ. ಮೂರನೇ ಸಲ ಓದ್ವಾಗ ಕಣ್ಣಲ್ಲಿ ನೀರು ಬಂತು.”

“ಎಲ್ಲಿ? ಯಾವ ಜಾಗದಲ್ಲಿ ನೀರು ಬಂತು?” ಎಂದು ಭವತೋಷ ಕೇಳಿದ. ಇಪ್ಪತ್ತು ವರ್ಷ ಬರೆದವನಿಗೆ ಮೊದಲ ಓದುಗ ಸಿಕ್ಕಿದ್ದ. ಆ ಓದುಗ ಕೊಲೆಗಾರನಾಗಿದ್ದರೂ ಭವತೋಷ ಕುರ್ಚಿ ಹಾಕುತ್ತಿದ್ದ.

“ಆ ಪ್ರಾಣಿ ಮಗ್ಗುಲು ಬದಲಿಸುತ್ತಲ್ಲಾ, ಅಲ್ಲಿ. ಪಾಪ, ಎಷ್ಟು ದಿನದಿಂದ ಒಂದೇ ಮಗ್ಗುಲಲ್ಲಿ ಮಲಗಿತ್ತೋ! ಅದರ ಕೆಳಗೆ ವಿಜ್ಞಾನಿಗಳು ಬೇರೆ ಸಹಿ ಹಾಕಿದ್ದಾರೆ. ನಾನು ಓದಿದವನಲ್ಲ ದಾದಾ, ಇಟ್ಟಿಗೆ ಮಾರೋನು. ದೊಡ್ಡವರು ಹೇಳಿದ ಮೇಲೆ ಸರಿ ಅಂತ ತಲೆ ಬಗ್ಗಿಸೋದಷ್ಟೇ ಗೊತ್ತು.”

ಆ ಸಂಚಿಕೆಯ ಉಳಿದ ಪ್ರತಿಗಳನ್ನೆಲ್ಲ ಗೌರಾಂಗ ಒಂದು ರಿಕ್ಷಾದಲ್ಲಿ ಹೇರಿಕೊಂಡು ಹೋದ. ಶನಿವಲಯದ ಇತಿಹಾಸದಲ್ಲಿ ಸಂಚಿಕೆಯೊಂದು ಖಾಲಿಯಾದದ್ದು ಅದೇ ಮೊದಲು. ಭವತೋಷ ಆ ದಿನವೆಲ್ಲ ನೆಲ ಮುಟ್ಟದ ಹಾಗೆ ಓಡಾಡಿದ. ಪೂರಬಿ ಮಾತ್ರ ಆ ಮಿಠಾಯಿಯನ್ನು ಬಾಯಿಗಿಡದೆ ಪಕ್ಕದ ಮನೆಗೆ ಕೊಟ್ಟಳು.

ಎರಡು ದಿನದಲ್ಲಿ ನಸ್ಕರ್‌ಬಾಗಾನ್ ಪೂರ್ತಿಗೆ ವಿಜ್ಞಾನದ ಬಿಸಿ ಏರಿತು. ಚಹಾ ಅಂಗಡಿಯಲ್ಲಿ ಪೇಪರು ಓದಲು ಕನ್ನಡಕ ಹುಡುಕುವ ಮುದುಕರು ನೆಪ್ಚೂನಿನ ಹವಾಮಾನವನ್ನು ಕುರಿತು ವಾದ ಮಾಡಿದರು. ಪ್ರಾಣಿಗೆ ಕಾಲೆಷ್ಟು ಎಂಬ ವಿಷಯದಲ್ಲಿ ಬಡಾವಣೆಯ ಹುಡುಗರ ಕ್ಲಬ್ಬು ಎರಡು ಹೋಳಾಯಿತು. ಅದು ಬೇರೆ ಗ್ರಹದ್ದಲ್ಲ, ಬಂಗಾಳಿಗಳ ನಂಬಿಕೆಯಲ್ಲಿ ಭೂಮಿ ಹೊತ್ತಿರುವ ವಾಸುಕಿಯೇ ಎಂದು ಪುರೋಹಿತರು ತೀರ್ಪು ಕೊಟ್ಟು, ಕಟ್ಟಡದ ಬಿರುಕಿನ ಮುಂದೆ ಒಂದು ಕಲ್ಲು ನೆಟ್ಟರು. ಕಲ್ಲಿಗೆ ಸಿಂಧೂರ ಬಂತು, ದಾಸವಾಳ ಬಂತು, ಗೌರಾಂಗನ ಖರ್ಚಿನಲ್ಲಿ ತಗಡಿನ ಮಾಡೂ ಬಂತು. ಕ್ಲಬ್ಬಿನವರಿಗೆ ಅವನು ಹೊಸ ಕೇರಂ ಬೋರ್ಡು, ಬಣ್ಣದ ಟಿ.ವಿ. ಎರಡನ್ನೂ ಕೊಡಿಸಿದ. ಬಿರುಕಿಗೆ ಕಿವಿಯಿಟ್ಟು ಪ್ರಾಣಿಯ ಉಸಿರು ಕೇಳಿದೆವೆಂದು ಹೇಳುವವರು ದಿನಕ್ಕಿಬ್ಬರಂತೆ ಹೆಚ್ಚಿದರು. ಕೆರೆಯ ಮಾತನ್ನು ಯಾರೂ ಎತ್ತಲಿಲ್ಲ. ಇಷ್ಟು ದೊಡ್ಡ ಪ್ರಾಣಿ ಎದುರಿಗಿರುವಾಗ ನೀರಿನ ಗುಂಡಿಯ ಮಾತಾಡುವುದು ಅವಮರ್ಯಾದೆ.

ಆಮೇಲೆ ಬಾದಲ್ ಒಂದು ದಿನ ನಗರಸಭೆಯಿಂದ ಕೆಂಡದಂತೆ ಬಂದ.

“ನೋಡಿದ್ಯಾ ದೀದಿ, ನಿನ್ನ ಗಂಡ ಮಾಡಿದ ಕೆಲಸ!” ಎಂದು ಅಂಗಳದಿಂದಲೇ ಕೂಗಿದ. “ಆ ಕಳ್ಳ ಗೌರಾಂಗ ನಗರಸಭೆಯ ವಿಚಾರಣೆಗೆ ಬರೆದುಕೊಟ್ಟಿದ್ದಾನೆ. ‘ಕಟ್ಟಡ ವಾಲಿದ್ದು ನನ್ನ ತಪ್ಪಲ್ಲ, ನೆಲದಡಿ ಪ್ರಾಣಿ ಹೊರಳಿದ್ದರಿಂದ, ವಿಜ್ಞಾನಿಯ ಸಹಿ ಇದೆ’ ಅಂತ! ಜೊತೆಗೆ ಇವರ ಶನಿ ಪತ್ರಿಕೆ ಲಗತ್ತಿಸಿದ್ದಾನೆ! ನಮಗೆ ಮನೆ ಇಲ್ಲ, ಏನೂ ಇಲ್ಲ. ಜಾಮಾಯ್‌ಬಾಬು, ನಿಮ್ಮ ಪ್ರಾಣಿ ನನ್ನ ಮನೆ ತಿಂದುಹಾಕ್ತು!”

“ಅದು ಸಸ್ಯಾಹಾರಿ ಅಂತ ಬರೆದಿದ್ದೆ,” ಎಂದು ಭವತೋಷ ಗೊಣಗಿದ.

ಪೂರಬಿ ಬಟಾಣಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು. ಅವಳು ಕೂಗುವವಳಲ್ಲ, ಅದಕ್ಕೇ ಅವಳನ್ನು ಕಂಡರೆ ಭವತೋಷನಿಗೆ ಹೆದರಿಕೆ.

“ನೋಡ್ರೀ, ಇಪ್ಪತ್ತು ವರ್ಷ ನಿಮ್ಮ ಗ್ರಹಗಳನ್ನೆಲ್ಲ ಮೆಟ್ಟಿಲ ಕೆಳಗೆ ಗುಡಿಸಿ ಇಟ್ಕೊಂಡಿದೀನಿ. ಒಂದು ಮಾತು ಆಡಿಲ್ಲ. ಈಗ ವಿಚಾರಣೆಗೆ ಹೋಗಿ, ನಾನು ಬರೆದಿದ್ದು ಸುಳ್ಳು ಅಂತ ಹೇಳಿ ಬನ್ನಿ. ಇಲ್ಲಾಂದ್ರೆ ನನ್ನ ತಮ್ಮ ಆ ಮಂಚದ ಮೇಲೇ ಮುದುಕ ಆಗ್ತಾನೆ.”

ಮಂಚದ ಕಡೆ ಒಮ್ಮೆ ನೋಡಿ ಭವತೋಷ ಛತ್ರಿ ಹಿಡಿದುಕೊಂಡು ಸಂಪಾದಕರ ಮನೆಗೆ ಓಡಿದ. ಒಂದೇ ಒಂದು ಸಾಲು ಬೇಕಿತ್ತು. ಪ್ರಾಣಿ ಸಾಧ್ಯವಿಲ್ಲ ಎಂದು ವಿಜ್ಞಾನಿಗಳೇ ಬರೆದುಕೊಟ್ಟರೆ ಅವನು ಸುಳ್ಳುಗಾರನಾಗುವ ಕಷ್ಟ ತಪ್ಪುತ್ತಿತ್ತು.

ಹಿಮಾದ್ರಿಬಾಬು ಹೊಸ ಪ್ಯಾಂಟು ತೊಟ್ಟು ಕೂತಿದ್ದರು. ಸ್ಥಳೀಯ ಟಿ.ವಿ.ಯವರು ಸಂದರ್ಶನ ಮಾಡಿ ಹೋಗಿ ಅರ್ಧ ಗಂಟೆಯಾಗಿತ್ತು.

“ಟಿಪ್ಪಣಿ ವಾಪಸ್ಸಾ?” ಎಂದರು, ಯಾರೋ ಅವರ ಹಲ್ಲು ಕೇಳಿದ ಹಾಗೆ. “ಭವತೋಷ್, ನಿನಗೆ ಬುದ್ಧಿ ಇದೆಯಾ? ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನ ವಿಜ್ಞಾನಿ ಅಂತ ಇನ್ನೊಬ್ಬರು ಕರೆದಿದ್ದಾರೆ. ಗೌರಾಂಗಬಾಬು ಪತ್ರಿಕೆಗೆ ಹಿಂದಿನ ಪುಟದ ಜಾಹೀರಾತು ಕೊಟ್ಟಿದ್ದಾರೆ. ಈಗ ಹೋಗಿ ನಾನು ಸಾಧ್ಯವಿಲ್ಲ ಅಂದ್ರೆ, ಹಿಲ್ಸಾ ರೈಲು ಓಡಿಸಿದ್ದೂ ಸುಳ್ಳಾಗಲ್ವಾ? ಹಳೇ ಸಂಚಿಕೆಗಳ ಗತಿ ಏನು?”

“ಆದ್ರೆ ಹಿಮಾದ್ರಿದಾ, ಅದು ಸುಳ್ಳೇ ತಾನೇ?”

“ಛೆ! ಬರೆದವನೇ ಹಾಗನ್ನಬಾರದಯ್ಯ. ಬೇಕಾದ್ರೆ ಒಂದು ಮಾಡು. ಅವರು ಕೇಳಿದಾಗ ಕಣ್ಣು ಅರ್ಧ ಮುಚ್ಚಿ, ‘ಇಂದಿನ ಕಲ್ಪನೆಯೇ ನಾಳೆಯ ವಾಸ್ತವ’ ಅಂತ ಹೇಳಿ ಕೂತುಬಿಡು. ಟಿ.ವಿ.ಯವರು ಮತ್ತೆ ಬರ್ತಾರೆ.”

ವಿಚಾರಣೆ ನಡೆದದ್ದು ಕ್ಲಬ್ಬಿನ ಹಜಾರದಲ್ಲಿ, ಹೊಸ ಕೇರಂ ಬೋರ್ಡನ್ನು ಮೂಲೆಗೆ ಸರಿಸಿ. ನಗರಸಭೆಯಿಂದ ಬಂದ ಅಧಿಕಾರಿ ಬಾಗ್ಚಿಬಾಬು ಎಂಬವರು. ಕಟ್ಟಡ ಬಿದ್ದರೂ ನಿಂತರೂ ಊಟದ ಹೊತ್ತಿಗೆ ಏಳಬೇಕೆಂಬ ನಿಷ್ಠೆಯ ಮನುಷ್ಯ. ಎದುರಿಗೆ ಬಡಾವಣೆಗೆ ಬಡಾವಣೆಯೇ ಕೂತಿತ್ತು. ಮುಂದಿನ ಸಾಲಿನಲ್ಲಿ ಗೌರಾಂಗ, ಅವನ ಪಕ್ಕದಲ್ಲಿ ಹಿಮಾದ್ರಿಬಾಬು, ಆಚೆ ಬದಿಯಲ್ಲಿ ಬಾದಲ್ ಮತ್ತು ಮನೆ ಕಳೆದುಕೊಂಡವರು. ಹಿಂದೆ ಬಾಗಿಲ ಬಳಿ ಪೂರಬಿ ನಿಂತಿದ್ದಳು.

“ಕುಂಡುಬಾಬು,” ಎಂದರು ಬಾಗ್ಚಿ, ಗಡಿಯಾರ ನೋಡಿಕೊಂಡು. “ಈ ‘ಪಾತಾಳದ ಅತಿಥಿ’ ನೀವೇ ಬರೆದದ್ದೋ?”

“ಹೌದು ಸಾರ್. ಇದರ ಹಿಂದೆ ಒಂದು ದೀರ್ಘ ಪಯಣವಿದೆ. ನಾನು ಚಿಕ್ಕವನಿದ್ದಾಗ—”

“ಪಯಣ ಬೇಡ. ಇದರಲ್ಲಿರೋದು ನಿಜವೋ ಸುಳ್ಳೋ?”

ಭವತೋಷ ಕಣ್ಣನ್ನು ಅರ್ಧ ಮುಚ್ಚಿದ. ಹಿಮಾದ್ರಿಬಾಬು ಮುಂದಕ್ಕೆ ಬಾಗಿದರು. ಸಭೆಯೆಲ್ಲ ತನ್ನ ಬಾಯನ್ನೇ ನೋಡುತ್ತಿದೆ ಎಂಬ ಸುಖ ಅವನ ಮೈಯಲ್ಲಿ ಹರಿದಾಡಿತು. “ಇಂದಿನ ಕಲ್ಪನೆಯೇ...” ಎಂದು ಶುರುಮಾಡಿದವನು, ಮುಚ್ಚದೆ ಉಳಿದಿದ್ದ ಅರ್ಧ ಕಣ್ಣಿನಲ್ಲಿ ಬಾಗಿಲ ಕಡೆ ನೋಡಿದ. ಪೂರಬಿ ಕೈಕಟ್ಟಿ ನಿಂತಿದ್ದಳು. ಮದುವೆಯಾದಂದಿನಿಂದ ಅವಳು ಅವನನ್ನು ಏನೂ ಕೇಳಿರಲಿಲ್ಲ. ಕೇಳಿದ್ದು ಇದೊಂದು. ಭವತೋಷನಿಗೆ ಥಟ್ಟನೆ ನಾಚಿಕೆಯಾಯಿತು.

“ಸುಳ್ಳು ಸಾರ್,” ಎಂದ. ಒಮ್ಮೆ ಹೇಳಿದ ಮೇಲೆ ಧೈರ್ಯ ಬಂದು ದನಿ ಏರಿತು. “ಶುದ್ಧ ಸುಳ್ಳು! ಪ್ರಾಣಿಯೂ ಇಲ್ಲ, ಗೀಣಿಯೂ ಇಲ್ಲ. ಮೊದಲ ಅಕ್ಷರದಿಂದ ಕೊನೇ ಅಕ್ಷರದವರೆಗೂ ನನ್ನ ತಲೆಯಿಂದ ಹುಟ್ಟಿದ್ದು. ಒಂದಕ್ಷರ ನಿಜ ಇಲ್ಲ! ಬರೆದುಕೊಳ್ಳಿ!”

ಬಾದಲ್ ಶಿಳ್ಳೆ ಹೊಡೆದ. ಮನೆ ಕಳೆದುಕೊಂಡವರು ಚಪ್ಪಾಳೆ ತಟ್ಟಿದರು. ಹಿಮಾದ್ರಿಬಾಬು ಎದೆ ಹಿಡಿದುಕೊಂಡು, ವಿಷ ಹಾಕಿದರೂ ಇಷ್ಟು ನೋವಾಗುತ್ತಿರಲಿಲ್ಲ ಎಂಬ ಮುಖ ಮಾಡಿದರು.

ಗೌರಾಂಗ ಮೈತಿ ಮಾತ್ರ ಅವಸರವಿಲ್ಲದೆ ಎದ್ದು ಕೈಜೋಡಿಸಿದ.

“ಒಪ್ಪಿದೆ ಸಾರ್. ಬರೆದವರೇ ಹೇಳಿದ ಮೇಲೆ ನಾನ್ಯಾರು? ಪ್ರಾಣಿ ಬೇಡ, ಬಿಟ್ಟೆ. ಮೊದಲ ಅಕ್ಷರದಿಂದ ಅಂದ್ರಲ್ಲ, ಆ ಮೊದಲ ಸಾಲು ಸ್ವಲ್ಪ ಓದ್ತೀರಾ?”

ಬಾಗ್ಚಿಬಾಬು ಓದಿದರು. “‘ನಸ್ಕರ್‌ಬಾಗಾನಿನಲ್ಲಿ ಭಟ್ಟಾಚಾರ್ಯರ ಕೆರೆ ಎಂಬ ದೊಡ್ಡ ಕೆರೆಯೊಂದಿತ್ತು, ಅದನ್ನು ಲಾರಿಗಟ್ಟಲೆ ಕಲ್ಲುಮಣ್ಣು ಸುರಿದು ಮುಚ್ಚಿದರು.’”

“ಸುಳ್ಳಂತೆ ಸಾರ್,” ಎಂದ ಗೌರಾಂಗ ಮೃದುವಾಗಿ. “ಒಂದಕ್ಷರ ನಿಜ ಇಲ್ವಂತೆ. ನಿಮ್ಮ ಕಡತದಲ್ಲೂ ಹಾಗೇ ಇದೆ. ಒಣನೆಲ.”

ಭವತೋಷ ಮೇಜಿನತ್ತ ಧಾವಿಸಿದ.

“ಅಲ್ಲ ಸಾರ್, ಕೆರೆ ನಿಜ! ಕೆರೆ ಇತ್ತು! ಪ್ರಾಣಿ ಮಾತ್ರ ಸುಳ್ಳು!”

“ಈಗ ತಾನೇ ಎಲ್ಲಾ ಸುಳ್ಳು ಅಂದ್ರಿ. ಬರೆದುಕೊಳ್ಳಿ ಅಂತ ಜೋರು ಬೇರೆ ಮಾಡಿದ್ರಿ. ಬರೆದಾಯ್ತು.”

“ಲಾರಿ ನಿಜ, ಮಣ್ಣು ನಿಜ, ಕಟ್ಟಡ ನಿಜ, ರಸಗುಲ್ಲವೂ ನಿಜ ಸಾರ್!”

ಬಾಗ್ಚಿಬಾಬು ಪತ್ರಿಕೆಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ದಡ್ಡ ಮಗನಿಗೆ ಲೆಕ್ಕ ಹೇಳುವ ಅಪ್ಪನ ತಾಳ್ಮೆಯಿಂದ ಕೇಳಿದರು: “ಕುಂಡುಬಾಬು, ಇಲ್ಲಿ ಪ್ರಾಣಿಗಾದ್ರೂ ಒಬ್ಬ ವಿಜ್ಞಾನಿಯ ಸಹಿ ಇದೆ. ಕೆರೆಗೆ ಯಾರ ಸಹಿ ಇದೆ?”

ಭವತೋಷ ಸಭೆಯ ಕಡೆ ತಿರುಗಿದ. ಆ ಕೆರೆಯಲ್ಲಿ ಬಟ್ಟೆ ಒಗೆದವರು, ದುರ್ಗೆಯನ್ನು ಮುಳುಗಿಸಿದವರು, ಗಾಳ ಹಾಕಿ ಕೂತವರು ಎಲ್ಲರೂ ಅಲ್ಲೇ ಇದ್ದರು.

“ಪುರೋಹಿತರೇ, ನೀವು ಹೇಳಿ! ಮೂವತ್ತು ವರ್ಷ ಅಲ್ಲೇ ಸ್ನಾನ ಮಾಡಿದ್ರಲ್ಲ!”

“ವಯಸ್ಸಾಯ್ತಪ್ಪ,” ಎಂದರು ಪುರೋಹಿತರು. “ಎಲ್ಲಿ ಸ್ನಾನ ಮಾಡಿದೆ ಅಂತ ನೆನಪಿರುತ್ತಾ? ನೀರು ತಣ್ಣಗಿತ್ತು, ಅಷ್ಟು ಹೇಳಬಲ್ಲೆ.”

ಕ್ಲಬ್ಬಿನ ಕಾರ್ಯದರ್ಶಿ ತನ್ನ ಹೊಸ ಟಿ.ವಿ.ಯ ಮೇಲಿನ ಧೂಳನ್ನು ಬಹಳ ಶ್ರದ್ಧೆಯಿಂದ ಒರೆಸತೊಡಗಿದ. ಉಳಿದವರು ತಮ್ಮ ತಮ್ಮ ಕಾಲುಗಳನ್ನು ಪರೀಕ್ಷಿಸಿಕೊಂಡರು. ಇಂಥ ಜನರ ನಡುವೆ ಕಟ್ಟಡ ನೇರವಾಗಿ ನಿಂತಿದ್ದರೆ ಆಶ್ಚರ್ಯಪಡಬೇಕಿತ್ತು.

“ಬಾದಲ್!” ಎಂದು ಭವತೋಷ ಕಿರುಚಿದ. “ನೀನಾದ್ರೂ ಹೇಳೋ! ನಿನ್ನದೇ ಮನೆ! ನಮ್ಮ ಕಿಟಕಿಯಲ್ಲಿ ಕೂತು ಆ ಕೆರೆಗೆ ಕಲ್ಲು ಎಸೀತಿದ್ದೆ. ನಿನ್ನ ಮದುವೆಗೆ ಮುಂಚೆ ಅಲ್ಲೇ ಕಾತ್ಲಾ ಮೀನು ಹಿಡಿದು ಅಕ್ಕನಿಗೆ ಕೊಟ್ಟಿದ್ದೆ!”

ಬಾದಲ್ ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಗೌರಾಂಗ ಇನ್ನೂ ಮೃದುವಾದ.

“ಹೇಳಿ ಬಾದಲ್‌ಬಾಬು, ಸಂಕೋಚ ಬೇಡ. ಕೊಳ್ಳುವಾಗ ‘ಜಾಗ ನಾನೇ ನೋಡಿದೀನಿ, ಗಟ್ಟಿ ನೆಲ’ ಅಂತ ನೀವೇ ಒಪ್ಪಿ ರುಜು ಹಾಕಿದ್ರಿ. ಕೆರೆ ಅಂತ ಗೊತ್ತಿದ್ದೂ ಅಗ್ಗಕ್ಕೆ ಸಿಕ್ತು ಅಂತ ಕೊಂಡಿದ್ರೆ, ಅದು ನಿಮ್ಮ ತಪ್ಪಾಗುತ್ತೆ, ನನ್ನದಲ್ಲ. ಗೊತ್ತಿತ್ತಾ?”

ಬಾದಲ್ ಅಕ್ಕನ ಕಡೆ ನೋಡಿದ, ಭಾವನ ಕಡೆ ನೋಡಿದ. ಅವನ ಹಿಂದೆ ಮನೆ ಕಳೆದುಕೊಂಡ ಉಳಿದವರೂ, ಅಂಥದ್ದೇ ರುಜು ಹಾಕಿದವರು, ಉಸಿರು ಬಿಗಿಹಿಡಿದಿದ್ದರು.

“ನಾನು... ಕೆರೆ ಅಂತ ಏನೂ ನೋಡಿಲ್ಲ,” ಎಂದ ಬಾದಲ್. “ನಾವು ಜಾಮಾಯ್‌ಬಾಬು ಮನೆಗೆ ಬಂದಾಗ ಕಿಟಕಿ ತೆಗೀತಿರಲಿಲ್ಲ. ಸೊಳ್ಳೆ.”

“ಒಣನೆಲದಲ್ಲಿ ಸೊಳ್ಳೆ ಎಲ್ಲಿಂದ ಬಂತೋ?” ಎಂದು ಬಾಗಿಲ ಬಳಿಯಿಂದ ಪೂರಬಿಯ ದನಿ ಬಂತು. “ಸಾರ್, ನಾನು ಹೇಳ್ತೀನಿ ಬರ್ಕೊಳ್ಳಿ. ಕೆರೆ ಇತ್ತು.”

“ತಾವು ಯಾರು?”

“ಇವರ ಹೆಂಡತಿ.”

“ಹಾಗಿದ್ರೆ ಮುಗೀತಲ್ಲಮ್ಮ,” ಎಂದು ಬಾಗ್ಚಿಬಾಬು ಪೆನ್ನಿನ ಮುಚ್ಚಳ ಹಾಕಿದರು. “ಕಲ್ಪನೆ ಸಂಸಾರದಲ್ಲೇ ಇದೆ. ಕೆರೆ ಇಲ್ಲ, ಪ್ರಾಣಿ ಇಲ್ಲ, ಕಾರಣ ತಿಳಿದುಬಂದಿಲ್ಲ. ಊಟದ ಹೊತ್ತಾಯ್ತು.”

ಸಭೆ ಎದ್ದಿತು. ಎದ್ದವರೆಲ್ಲ ಗೌರಾಂಗನ ಕೈಕುಲುಕಿ, ಆಮೇಲೆ ಸಾಲಾಗಿ ಭವತೋಷನ ಬಳಿ ಬಂದರು. ಮೊದಲು ಬಂದದ್ದು ಹಿಮಾದ್ರಿಬಾಬು. ಅವರ ಎದೆನೋವು ವಾಸಿಯಾಗಿತ್ತು, ಕಣ್ಣಲ್ಲಿ ನೀರಿತ್ತು.

“ನಾನು ನಿನ್ನನ್ನ ಇಷ್ಟು ವರ್ಷ ತಪ್ಪು ತಿಳಿದಿದ್ದೆ ಭವತೋಷ್,” ಎಂದು ಅವನನ್ನು ಅಪ್ಪಿಕೊಂಡರು. “ಪ್ರಾಣಿಯನ್ನ ಯಾವನು ಬೇಕಾದ್ರೂ ಬರೀತಾನೆ. ಆದ್ರೆ ಆ ಕೆರೆ! ಪಾಚಿ, ಮೆಟ್ಟಿಲು, ಒಗೆಯೋ ಕಲ್ಲು... ಇಲ್ಲದ ಕೆರೆಯನ್ನ ಕಣ್ಣಿಗೆ ಕಟ್ಟೋ ಹಾಗೆ! ಎಂಥ ಕಲ್ಪನೆ ಮಾರಾಯ!”

“ನಾನು ಅದರಲ್ಲೇ ಈಜು ಕಲಿತದ್ದು!” ಎಂದು ಭವತೋಷ ಕೂಗಿದ. ಅಳು ಒತ್ತಿ ಬರುತ್ತಿತ್ತು. “ಅದರಲ್ಲಿ ಒಂದು ಸಲ ಮುಳುಗಿದ್ದೆ! ಬಾಯಿಗೆ ಪಾಚಿ ಹೋಗಿತ್ತು! ಈ ಪುರೋಹಿತರೇ ಜುಟ್ಟು ಹಿಡಿದು ಎಳೆದು ದಡಕ್ಕೆ ಹಾಕಿದ್ರು!”

“ಆಹಾ!” ಎಂದರು ಪುರೋಹಿತರು. “ಕೇಳಿದ್ರಾ?”

ಮೊದಲು ಚಪ್ಪಾಳೆ ತಟ್ಟಿದವನು ಗೌರಾಂಗ. ಆಮೇಲೆ ಕ್ಲಬ್ಬು, ಚಹಾ ಅಂಗಡಿ, ಮನೆ ಕಳೆದುಕೊಂಡವರು, ತುಸು ತಡವಾಗಿ ಬಾದಲ್ ಕೂಡ. ಹಜಾರ ಗುಡುಗಿತು. ಇಪ್ಪತ್ತು ವರ್ಷದಲ್ಲಿ ಭವತೋಷ ಕುಂಡುವಿನ ಒಂದೇ ಒಂದು ಸಾಲಿಗೆ ಯಾರೂ ಹೀಗೆ ಚಪ್ಪಾಳೆ ತಟ್ಟಿರಲಿಲ್ಲ. ಅವನು ಬೈಯಬೇಕೆಂದು ಬಾಯಿ ತೆರೆದ. ಸದ್ದು ಇನ್ನೂ ಜೋರಾಯಿತು. ಅವನ ಎರಡೂ ಕೈ ತಾವಾಗಿಯೇ ಮೇಲೆದ್ದು, ಎದೆಯ ಮುಂದೆ ಸೇರಿ, ಸಭೆಗೆ ನಮಸ್ಕಾರ ಮಾಡಿದವು.

ಬಾಗಿಲ ಬಳಿ ಪೂರಬಿ ಅದನ್ನು ನೋಡಿದಳು, ನೋಡಿ ಒಬ್ಬಳೇ ಮನೆಯ ಕಡೆ ಹೊರಟಳು.